3ಡಿ ಪಾತ್ರಕ್ಕೆ ಕಾರ್ಟೂನ್ ಲುಕ್: ರೆಂಡರ್ ಆದ ಮೇಲೆ ಮಾಡುವ ಕೆಲಸ, ಹಂತ ಹಂತವಾಗಿ

3ಡಿಯಲ್ಲಿ ಮಾಡಿದ ಪಾತ್ರ ಕೈಯಲ್ಲಿ ಬರೆದ ಕಾರ್ಟೂನ್‌ನಂತೆ ಕಾಣಬೇಕು ಎಂದಾಗ ಹೆಚ್ಚಿನವರು ಮೊದಲು ಮಾಡುವುದು ಒಂದೇ ಕೆಲಸ. ರೆಂಡರ್ ಆದ, ಅಂದರೆ 3ಡಿ ಸೀನ್‌ನಿಂದ ಚಿತ್ರಗಳಾಗಿ ಹೊರಬಂದ, ವಿಡಿಯೋವನ್ನು ಎಡಿಟಿಂಗ್ ಸಾಫ್ಟ್‌ವೇರ್‌ಗೆ ತಂದು ಅದರ ಮೇಲೆ 'ಕಾರ್ಟೂನ್' ಎಂಬ ಎಫೆಕ್ಟ್ ಎಳೆದು ಹಾಕುತ್ತಾರೆ. ಒಂದು ಫ್ರೇಮ್ ನಿಲ್ಲಿಸಿ ನೋಡಿದರೆ ಪರವಾಗಿಲ್ಲ ಅನಿಸುತ್ತದೆ. ಪ್ಲೇ ಒತ್ತಿದ ಕೂಡಲೇ ಬಣ್ಣ ಬಯಲಾಗುತ್ತದೆ. ಗೆರೆಗಳು ಮಿಣುಕುತ್ತವೆ. ಕೆನ್ನೆಯ ಮೇಲೆ ಬಣ್ಣದ ತೇಪೆಗಳು ಹರಿದಾಡುತ್ತವೆ. ಅಂಗಿಯ ಡಿಸೈನ್‌ಗೂ ಮೂಗಿನ ಅಂಚಿಗೂ ಒಂದೇ ದಪ್ಪದ ಗೆರೆ ಬಂದಿರುತ್ತದೆ.

ಕಾರಣ ಸರಳ. ಆ ಎಫೆಕ್ಟ್‌ಗೆ ಕಾಣುವುದು ಬರೀ ಬಣ್ಣ. ಮೂಗು ಎಲ್ಲಿ ಮುಗಿಯಿತು, ಕೆನ್ನೆ ಎಲ್ಲಿ ಶುರುವಾಯಿತು, ಇದು ನೆರಳೋ ಕಪ್ಪು ಬಟ್ಟೆಯೋ, ಅದಕ್ಕೆ ಗೊತ್ತಾಗುವುದಿಲ್ಲ. ಆದರೆ 3ಡಿ ಸಾಫ್ಟ್‌ವೇರ್‌ಗೆ ಇದೆಲ್ಲ ಗೊತ್ತು. ರೆಂಡರ್ ಮಾಡುವಾಗಲೇ ಆ ಮಾಹಿತಿಯನ್ನು ಬೇರೆ ಬೇರೆ ಪಾಸ್‌ಗಳಾಗಿ, ಅಂದರೆ ಒಂದೊಂದು ಬಗೆಯ ಮಾಹಿತಿಗೆ ಒಂದೊಂದು ಚಿತ್ರವಾಗಿ, ತೆಗೆದಿಟ್ಟುಕೊಳ್ಳಬೇಕು. ಆಮೇಲೆ ಬಣ್ಣವನ್ನು ಒಂದರಿಂದ, ನೆರಳನ್ನು ಇನ್ನೊಂದರಿಂದ, ಗೆರೆಯನ್ನು ಮತ್ತೊಂದರಿಂದ ಕಟ್ಟಿ ಒಂದರ ಮೇಲೊಂದು ಕೂರಿಸಬೇಕು. ಕೆಳಗಿನ ಎಲ್ಲ ಹಂತಗಳೂ ಇದನ್ನೇ ಮಾಡುತ್ತವೆ.

ಉದಾಹರಣೆಗಳನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಿಂದ ಕೊಟ್ಟಿದ್ದೇನೆ. ಅದು ಉಚಿತ, ರೆಂಡರ್ ಮತ್ತು ಕಾಂಪೋಸಿಟಿಂಗ್ (ಪದರಗಳನ್ನು ಜೋಡಿಸುವ ಕೆಲಸ) ಎರಡೂ ಒಂದೇ ಕಡೆ ಸಿಗುತ್ತವೆ. ನ್ಯೂಕ್, ಫ್ಯೂಷನ್, ಆಫ್ಟರ್ ಎಫೆಕ್ಟ್ಸ್ ಎಂಬ ಬೇರೆ ಕಾಂಪೋಸಿಟಿಂಗ್ ಸಾಫ್ಟ್‌ವೇರ್ ಬಳಸುವವರಿಗೂ ಲೆಕ್ಕ ಇದೇ, ನೋಡ್‌ಗಳ (ಒಂದೊಂದು ಕೆಲಸ ಮಾಡುವ ಡಬ್ಬಿಗಳ) ಅಥವಾ ಎಫೆಕ್ಟ್‌ಗಳ ಹೆಸರು ಮಾತ್ರ ಬೇರೆ.

ಹಂತ 1: ರೆಂಡರ್ ಬಟನ್ ಒತ್ತುವ ಮುಂಚೆ

ಮೊದಲು ಮೋಷನ್ ಬ್ಲರ್ (ಚಲನೆಯಿಂದ ಬರುವ ಮಸುಕು) ಮತ್ತು ಡೆಪ್ತ್ ಆಫ್ ಫೀಲ್ಡ್ (ಫೋಕಸ್ ಇಲ್ಲದ ಕಡೆಯ ಮಸುಕು) ಎರಡನ್ನೂ ಆಫ್ ಮಾಡಿ. ಇವು ಆನ್ ಇದ್ದರೆ ಪಾಸ್‌ಗಳ ಅಂಚು ಮಸುಕಾಗುತ್ತದೆ, ಮಸುಕಾದ ಅಂಚಿನಿಂದ ಗೆರೆ ತೆಗೆಯಲು ಆಗುವುದಿಲ್ಲ. ಮಸುಕು ಬೇಕೇ ಬೇಕು ಅಂದರೆ ಕೊನೆಯಲ್ಲಿ ಸೇರಿಸಿಕೊಳ್ಳಬಹುದು.

ಎರಡನೆಯದು ವ್ಯೂ ಟ್ರಾನ್ಸ್‌ಫಾರ್ಮ್, ಅಂದರೆ ರೆಂಡರ್‌ನ ಬಣ್ಣವನ್ನು ಸ್ಕ್ರೀನ್‌ಗೆ ಹೊಂದಿಸುವ ಸೆಟ್ಟಿಂಗ್. ಬ್ಲೆಂಡರ್‌ನಲ್ಲಿ 2.8 ಆವೃತ್ತಿಯಿಂದ ಫಿಲ್ಮಿಕ್, 4.0ರಿಂದ ಎಜಿಎಕ್ಸ್ ತಾನಾಗಿಯೇ ಆಯ್ಕೆಯಾಗಿರುತ್ತದೆ. ನಿಜದಂತೆ ಕಾಣುವ ಬೆಳಕಿಗೆ ಇವೆರಡೂ ಚೆನ್ನಾಗಿವೆ. ಕಾರ್ಟೂನ್‌ಗೆ ಬೇಡ. ನೀವು ಆರಿಸಿದ ಗಾಢ ಕೆಂಪು ಸ್ಕ್ರೀನ್ ಮೇಲೆ ಮಂಕು ಕೆಂಪಾಗಿ ಕಾಣುತ್ತದೆ. 'ಸ್ಟ್ಯಾಂಡರ್ಡ್' ಆರಿಸಿದರೆ ಪ್ಯಾಲೆಟ್‌ನಲ್ಲಿ ಇಟ್ಟ ಬಣ್ಣವೇ ಪಾತ್ರದ ಮೇಲೂ ಬರುತ್ತದೆ.

ಮೂರನೆಯದು ಫೈಲ್. ಪಿಎನ್‌ಜಿ ಅಥವಾ ಎಂಪಿ4 ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಲ್ಟಿಲೇಯರ್ ಓಪನ್ ಇಎಕ್ಸ್‌ಆರ್‌ನಲ್ಲಿ ಸೇವ್ ಮಾಡಿ. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ ತನ್ನ ಕೆಲಸಕ್ಕೆಂದು ಮಾಡಿಕೊಂಡು, 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಫಾರ್ಮ್ಯಾಟ್ ಇದು. ಒಂದೇ ಫೈಲ್ ಒಳಗೆ ಎಷ್ಟು ಪಾಸ್ ಬೇಕಾದರೂ ಕೂರುತ್ತವೆ. ಬಣ್ಣಕ್ಕೆ 16 ಬಿಟ್ ಸಾಕು. ಆದರೆ ಕ್ರಿಪ್ಟೋಮ್ಯಾಟ್ ಮತ್ತು ದೂರದ ಪಾಸ್‌ಗೆ (ಇವೇನು ಎಂಬುದು ಕೆಳಗಿನ ಪಟ್ಟಿಯಲ್ಲಿದೆ) 32 ಬಿಟ್ ಬೇಕು, ಇಲ್ಲದಿದ್ದರೆ ಅವುಗಳ ಸಂಖ್ಯೆಗಳು ಕೆಡುತ್ತವೆ.

ತೆಗೆಯಬೇಕಾದ ಪಾಸ್‌ಗಳು ಇವು:

- ಡಿಫ್ಯೂಸ್ ಕಲರ್: ಬೆಳಕು ನೆರಳು ಏನೂ ಇಲ್ಲದ ಬರೀ ಬಣ್ಣ.
- ನಾರ್ಮಲ್: ಪ್ರತಿ ಬಿಂದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು.
- ಝಡ್: ಕ್ಯಾಮೆರಾದಿಂದ ಎಷ್ಟು ದೂರ ಎಂಬುದು.
- ಕ್ರಿಪ್ಟೋಮ್ಯಾಟ್: ಮುಖ, ಕೂದಲು, ಅಂಗಿ, ಕೈ, ಪ್ರತಿಯೊಂದಕ್ಕೂ ಬೇರೆ ಮಾಸ್ಕ್, ಅಂದರೆ ಆ ಭಾಗವನ್ನಷ್ಟೇ ಆರಿಸಿ ಕೊಡುವ ಕಪ್ಪು ಬಿಳುಪು ಚಿತ್ರ.
- ಡಿಫ್ಯೂಸ್ ಡೈರೆಕ್ಟ್: ಬಣ್ಣ ಬಿಟ್ಟು ನೇರ ಬೆಳಕು ಮಾತ್ರ.
- ಯುವಿ: ಪ್ರತಿ ಬಿಂದು ಟೆಕ್ಸ್ಚರ್‌ನ ಯಾವ ಜಾಗದ್ದು ಎಂಬುದು, ಮೇಲ್ಮೈಗೆ ಅಂಟಿಕೊಂಡಿರುವ ಟೆಕ್ಸ್ಚರ್ ಬೇಕಿದ್ದರೆ.

ಸೀನ್‌ನಲ್ಲಿ ಒಂದೇ ಒಂದು ಸನ್ ಲೈಟ್ ಇಡಿ, ಅದರ ಆಂಗಲ್ 0 ಮಾಡಿ. ಆಗ ಬೀಳುವ ನೆರಳಿನ ಅಂಚು ಚೂಪಾಗಿರುತ್ತದೆ.

ರೆಸಲ್ಯೂಷನ್ ವಿಷಯದಲ್ಲಿ ಜಿಪುಣತನ ಬೇಡ. ಕೊನೆಗೆ 1920×1080 ಬೇಕಿದ್ದರೆ 3840×2160ರಲ್ಲಿ ರೆಂಡರ್ ಮಾಡಿ, ಎಲ್ಲ ಕೆಲಸ ಮುಗಿದ ಮೇಲೆ ಅರ್ಧಕ್ಕೆ ಇಳಿಸಿ. ಪಿಕ್ಸೆಲ್ ನಾಲ್ಕು ಪಟ್ಟು ಆಗುತ್ತದೆ ನಿಜ. ಆದರೆ ಈ ಬಗೆಯ ರೆಂಡರ್‌ನಲ್ಲಿ ಬೆಳಕಿನ ಲೆಕ್ಕ ತುಂಬಾ ಕಮ್ಮಿ, ಸ್ಯಾಂಪಲ್‌ಗಳೂ ಕಮ್ಮಿ ಸಾಕು. ಯಾಕೆ ಇಷ್ಟು ದೊಡ್ಡದು ಬೇಕು ಅನ್ನುವುದು ನೆರಳಿನ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 2: ಮಟ್ಟಸ ಬಣ್ಣ

ಇದು ಸುಲಭ. ಡಿಫ್ಯೂಸ್ ಕಲರ್ ಪಾಸ್ ಅನ್ನು ತಳಪದರವಾಗಿ ಹಾಕಿ. ಪಾತ್ರಕ್ಕೆ ವಿವರವಾದ ಟೆಕ್ಸ್ಚರ್ ಇದ್ದರೆ, ಅಂದರೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ ಎಲ್ಲ ಇದ್ದರೆ, ಅವನ್ನು ಇಲ್ಲೇ ಬಿಸಾಡಿ. ಕ್ರಿಪ್ಟೋಮ್ಯಾಟ್‌ನಿಂದ ಅಂಗಿಯ ಮಾಸ್ಕ್ ತೆಗೆದು ಅದಕ್ಕೆ ಒಂದೇ ಬಣ್ಣ ತುಂಬಿ. ಕೂದಲಿಗೂ ಹಾಗೆಯೇ.

ಒಂದು ಪಾತ್ರಕ್ಕೆ ಎಷ್ಟು ಬಣ್ಣ ಬೇಕೋ ಅಷ್ಟನ್ನು ಒಂದು ಕಡೆ ಬರೆದಿಡಿ: ಪ್ರತಿ ಭಾಗಕ್ಕೆ ಬೆಳಕಿನ ಬಣ್ಣ ಒಂದು, ನೆರಳಿನ ಬಣ್ಣ ಒಂದು, ಗೆರೆಯ ಬಣ್ಣ ಒಂದು. ಎಲ್ಲ ಶಾಟ್‌ಗೂ ಇದೇ ಪಟ್ಟಿ. ರಾತ್ರಿಯ ಸೀನ್‌ಗೆ ಬೇರೆ ಪಟ್ಟಿ ಮಾಡಿಕೊಳ್ಳಿ. ಹಗಲಿನ ಪಟ್ಟಿಯ ಮೇಲೆ ಸುಮ್ನೆ ನೀಲಿ ಬಳಿದರೆ ಚರ್ಮ ಬೂದಿಯಂತೆ ಕಾಣುತ್ತದೆ.

ಹಂತ 3: ನೆರಳು

ಕಾರ್ಟೂನ್ ಅನಿಸುವುದೂ ಅನಿಸದೇ ಇರುವುದೂ ಹೆಚ್ಚಾಗಿ ಇಲ್ಲೇ ತೀರ್ಮಾನವಾಗುತ್ತದೆ. ನನ್ನ ಪ್ರಕಾರ ಗೆರೆಗಿಂತ ಇದು ಮುಖ್ಯ. ಗೆರೆ ಇಲ್ಲದೆಯೂ ಒಳ್ಳೆಯ ಕಾರ್ಟೂನ್ ಆಗಬಹುದು, ಕೆಟ್ಟ ನೆರಳು ಇಟ್ಟುಕೊಂಡು ಆಗುವುದಿಲ್ಲ.

ನಾರ್ಮಲ್ ಪಾಸ್ ಅನ್ನು ಬ್ಲೆಂಡರ್‌ನ 'ನಾರ್ಮಲ್' ನೋಡ್‌ಗೆ ಕೊಡಿ. ಅದರಲ್ಲಿರುವ ಗೋಳವನ್ನು ತಿರುಗಿಸಿದರೆ ಬೆಳಕಿನ ದಿಕ್ಕು ಬದಲಾಗುತ್ತದೆ. 'ಡಾಟ್' ಔಟ್‌ಪುಟ್‌ನಲ್ಲಿ ಬೆಳಕಿನ ಕಡೆ ಮುಖ ಮಾಡಿದ ಭಾಗ 1ರ ಹತ್ತಿರ, ಪಕ್ಕಕ್ಕೆ ತಿರುಗಿದ್ದು 0ಯ ಹತ್ತಿರ ಬರುತ್ತದೆ. ಬೇರೆ ಸಾಫ್ಟ್‌ವೇರ್‌ನಲ್ಲಿ ಮೂರು ಚಾನೆಲ್‌ಗಳನ್ನು ಬೆಳಕಿನ ದಿಕ್ಕಿನ ಮೂರು ಸಂಖ್ಯೆಗಳಿಂದ ಗುಣಿಸಿ ಕೂಡಿದರೆ ಅದೇ ಉತ್ತರ. ಮತ್ತೆ ರೆಂಡರ್ ಮಾಡದೆಯೇ ಬೆಳಕು ತಿರುಗಿಸಬಹುದು ಅನ್ನುವುದೇ ಇದರ ದೊಡ್ಡ ಅನುಕೂಲ. ಪ್ರತಿ ಶಾಟ್‌ನಲ್ಲೂ ಮುಖ ಚೆನ್ನಾಗಿ ಕಾಣುವಂತೆ ದಿಕ್ಕು ಬದಲಿಸಿ. ಸೂರ್ಯ ಅಲ್ಲಿದ್ದನಲ್ಲ, ಇಲ್ಲಿಗೆ ಹೇಗೆ ಬಂದ ಎಂದು ಯಾರೂ ಕೇಳುವುದಿಲ್ಲ.

ಈಗ ಇದನ್ನು ಬೆಳಕು, ನೆರಳು ಎಂದು ಎರಡು ಪಾಲು ಮಾಡಬೇಕು, ಸಂಖ್ಯೆಗೆ ತಕ್ಕ ಬಣ್ಣ ಕೊಡುವ ನೋಡ್‌ನಿಂದ. ಕಲರ್ ರ‍್ಯಾಂಪ್ ಹಾಕಿ 'ಕಾನ್‌ಸ್ಟಂಟ್' ಆರಿಸಿ ಎಂದು ಎಲ್ಲ ಕಡೆ ಹೇಳುತ್ತಾರೆ. ಹಾಗೆ ಮಾಡಿದರೆ ಪ್ರತಿ ಪಿಕ್ಸೆಲ್ ಒಂದೋ ಪೂರ್ತಿ ಬೆಳಕು, ಇಲ್ಲವೇ ಪೂರ್ತಿ ನೆರಳು ಆಗಿ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಬದಲಿಗೆ 'ಲೀನಿಯರ್' ಇಟ್ಟು ಎರಡು ಹಿಡಿಗಳನ್ನು ಹತ್ತಿರ ಹತ್ತಿರ ತನ್ನಿ, ಉದಾಹರಣೆಗೆ 0.48 ಮತ್ತು 0.52. ಅಂಚು ಚೂಪಾಗಿಯೇ ಇರುತ್ತದೆ, ಆದರೆ ಒಂದೆರಡು ಪಿಕ್ಸೆಲ್‌ನಷ್ಟು ಮೆತ್ತಗಾಗುತ್ತದೆ. ದುಪ್ಪಟ್ಟು ರೆಸಲ್ಯೂಷನ್‌ನಿಂದ ಕೆಳಗಿಳಿಸಿದಾಗ ಉಳಿದ ಮೆಟ್ಟಿಲೂ ಮಾಯ.

ಸಂಖ್ಯೆಗಳ ಬಗ್ಗೆ ಒಂದು ಎಚ್ಚರಿಕೆ. ಇಎಕ್ಸ್‌ಆರ್ ಫೈಲ್‌ನ ಬಣ್ಣಗಳು ಲೀನಿಯರ್ ಲೆಕ್ಕದಲ್ಲಿ, ಅಂದರೆ ನಿಜವಾದ ಬೆಳಕಿನ ಪ್ರಮಾಣದಲ್ಲಿ, ಇರುತ್ತವೆ. ಅಲ್ಲಿಯ 0.5 ಸ್ಕ್ರೀನ್ ಮೇಲೆ 255ಕ್ಕೆ ಸುಮಾರು 188 ಆಗಿ ಕಾಣುತ್ತದೆ. ಕಣ್ಣಿಗೆ ಅರ್ಧ ಬೂದು ಅನಿಸುವುದು ಸುಮಾರು 0.21. ಹಾಗಾಗಿ ಕಣ್ಣಲ್ಲಿ ನೋಡಿ ಅಂದಾಜಿನಲ್ಲಿ ಸಂಖ್ಯೆ ಹಾಕಬೇಡಿ. ಮೌಸ್ ಇಟ್ಟು ಪಿಕ್ಸೆಲ್‌ನ ನಿಜವಾದ ಬೆಲೆ ಓದಿಕೊಂಡು ಹಾಕಿ.

ಇಲ್ಲಿಯವರೆಗೆ ಬಂದಾಗ ಮೈ ಚೆನ್ನಾಗಿ ಕಾಣುತ್ತದೆ, ಮುಖ ಮಾತ್ರ ಕೆಟ್ಟದಾಗಿ ಕಾಣುತ್ತದೆ. ಹತ್ತಿರದಿಂದ ನೋಡಿ. ಮೂಗಿನ ಪಕ್ಕ ಒಂದು ಗಟ್ಟಿ ನೆರಳು, ಅದರಿಂದ ಬೇರೆಯಾಗಿ ಬಾಯಿಯ ಮೂಲೆಯಲ್ಲಿ ಒಂದು ಚುಕ್ಕಿ, ಕಣ್ಣಿನ ಕೆಳಗೆ ಒಂದು ವಕ್ರ ಪಟ್ಟಿ. ತಲೆ ಸ್ವಲ್ಪ ತಿರುಗಿದರೆ ಇವೆಲ್ಲ ಸೇರಿಕೊಂಡು ಒಂದು ದೊಡ್ಡ ಕಲೆಯಾಗುತ್ತವೆ, ಮತ್ತೆ ಒಡೆಯುತ್ತವೆ. ಕೈಯಲ್ಲಿ ಬರೆಯುವವರು ಮುಖವನ್ನು ಇಷ್ಟು ಉಬ್ಬುತಗ್ಗುಗಳಾಗಿ ನೋಡುವುದೇ ಇಲ್ಲ. ಅವರಿಗೆ ಅದು ಹೆಚ್ಚುಕಡಿಮೆ ಒಂದು ಗೋಳ, ಮೇಲೊಂದು ಮೂಗು.

ನಾವೂ ಹಾಗೆಯೇ ಮಾಡೋಣ. ಮುಖದ ಮಾಸ್ಕ್ ಒಳಗೆ ಮಾತ್ರ ನಾರ್ಮಲ್ ಪಾಸ್ ಅನ್ನು ಬ್ಲರ್ ಮಾಡಿ. ನೇರವಾಗಿ ಬ್ಲರ್ ಮಾಡಿದರೆ ಕೂದಲು, ಹಿನ್ನೆಲೆಗಳ ಬೆಲೆ ಮುಖದೊಳಗೆ ನುಗ್ಗಿ ಅಂಚಿನಲ್ಲಿ ಕೊಳಕು ಪಟ್ಟಿ ಬರುತ್ತದೆ. ಅದನ್ನು ತಪ್ಪಿಸುವ ಕ್ರಮ ಹೀಗಿದೆ:

1. ನಾರ್ಮಲ್ ಪಾಸ್ ಅನ್ನು ಮುಖದ ಮಾಸ್ಕ್‌ನಿಂದ ಗುಣಿಸಿ, ಆಮೇಲೆ ಬ್ಲರ್ ಮಾಡಿ.
2. ಮಾಸ್ಕ್ ಅನ್ನೂ ಬೇರೆಯಾಗಿ ಅಷ್ಟೇ ಬ್ಲರ್ ಮಾಡಿ.
3. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.
4. ಬಂದ ವೆಕ್ಟರ್‌ನ (ದಿಕ್ಕು ತೋರುವ ಮೂರು ಸಂಖ್ಯೆಗಳ) ಉದ್ದವನ್ನು ಮತ್ತೆ 1 ಮಾಡಿ, ಅಂದರೆ ವೆಕ್ಟರ್ ನಾರ್ಮಲೈಸ್ ಮಾಡಿ.

ಬ್ಲರ್ ಎಷ್ಟು? ಮುಖದ ಅಗಲದ ಇಪ್ಪತ್ತನೇ ಒಂದು ಭಾಗದಿಂದ ಶುರು ಮಾಡಿ, ಚುಕ್ಕಿಗಳು ಹೋಗುವವರೆಗೆ ಏರಿಸಿ. ಪಾತ್ರ ಕ್ಯಾಮೆರಾದಿಂದ ದೂರ ಹೋದರೆ ಮುಖ ಚಿಕ್ಕದಾಗುತ್ತದೆ, ಬ್ಲರ್ ಕೂಡ ಅದಕ್ಕೆ ತಕ್ಕಂತೆ ಇಳಿಯಬೇಕು. ಅದಕ್ಕೆ ಕೀಫ್ರೇಮ್ (ಯಾವ ಫ್ರೇಮ್‌ನಲ್ಲಿ ಎಷ್ಟು ಬೆಲೆ ಎಂಬ ಗುರುತು) ಹಾಕಿ. ಕ್ಲೋಸಪ್‌ನಲ್ಲಿ ಮೂಗಿನ ನೆರಳು ಬೇಕು ಅನಿಸಿದರೆ ಅದೊಂದನ್ನು ಕೈಯಲ್ಲೇ ಮಾಸ್ಕ್ ಬರೆದು ಹಾಕಿ. ಚಿಕ್ಕ ತ್ರಿಕೋನ ಸಾಕು.

ಈಗ ಬೀಳುವ ನೆರಳು. ಮೈಮೇಲೆ ಕೈಯ ನೆರಳು, ಕಾಲಿನ ಮೇಲೆ ಅಂಗಿಯ ನೆರಳು ಇವಕ್ಕೆಲ್ಲ ಡಿಫ್ಯೂಸ್ ಡೈರೆಕ್ಟ್ ಪಾಸ್‌ಗೆ ಅದೇ ರೀತಿ ರ‍್ಯಾಂಪ್ ಹಾಕಿ, ನಾರ್ಮಲ್ ಪಾಸ್‌ನಿಂದ ಬಂದ ಮೊದಲಿನ ಮಾಸ್ಕ್ ಜೊತೆ ಗುಣಿಸಿ. ಈ ಪಾಸ್‌ನ ಬೆಳಕು ರೆಂಡರ್ ಆದಾಗಲೇ ನಿಂತುಹೋಗಿರುತ್ತದೆ ಅನ್ನುವುದು ನೆನಪಿರಲಿ. ನಾರ್ಮಲ್ ನೋಡ್‌ನಲ್ಲಿ ಬೆಳಕನ್ನು ಪೂರ್ತಿ ಎದುರು ದಿಕ್ಕಿಗೆ ತಿರುಗಿಸಿದರೆ ಎರಡೂ ಜಗಳಕ್ಕೆ ಬೀಳುತ್ತವೆ.

ಮುಖದ ಮೇಲೆ ಮಾತ್ರ ಈ ಪಾಸ್ ಬಳಸಬೇಡಿ, ಈಗಷ್ಟೇ ತೆಗೆದ ಕಲೆಗಳು ವಾಪಸ್ ಬರುತ್ತವೆ. ಹಣೆಯ ಮೇಲೆ ಕೂದಲಿನ ನೆರಳಿಗೆ ಇನ್ನೂ ಸುಲಭದ ದಾರಿ ಇದೆ. ಕೂದಲಿನ ಮಾಸ್ಕ್ ಅನ್ನು ಹತ್ತಿಪ್ಪತ್ತು ಪಿಕ್ಸೆಲ್ ಕೆಳಗೆ, ಸ್ವಲ್ಪ ಪಕ್ಕಕ್ಕೆ ಸರಿಸಿ. ಅದು ಮುಖದ ಮಾಸ್ಕ್ ಜೊತೆ ಎಲ್ಲಿ ಸೇರುತ್ತದೋ ಅಲ್ಲಿ ನೆರಳು ಹಾಕಿ. ಅಷ್ಟೇ. ಕತ್ತಿನ ಮೇಲೆ ಗಲ್ಲದ ನೆರಳಿಗೂ ಮುಖದ ಮಾಸ್ಕ್ ಇಟ್ಟುಕೊಂಡು ಇದೇ ಉಪಾಯ ಮಾಡಬಹುದು. ನಿಜವಾದ ರೆಂಡರ್ ನೆರಳಿಗಿಂತ ಇದು ಎಷ್ಟೋ ಚೊಕ್ಕಟ.

ಕೊನೆಗೆ ನೆರಳಿನ ಮಾಸ್ಕ್ ಪೂರ್ತಿಯನ್ನು ಒಮ್ಮೆ ಗುಡಿಸಬೇಕು. ನಾಲ್ಕೈದು ಪಿಕ್ಸೆಲ್ ಬ್ಲರ್ ಮಾಡಿ, ಮತ್ತೆ ಅದೇ ಕಿರಿದಾದ ರ‍್ಯಾಂಪ್ ಹಾಕಿ. ಬಿಡಿ ಚುಕ್ಕಿಗಳು ಕರಗಿ ಹೋಗುತ್ತವೆ, ಚೂಪು ಮೂಲೆಗಳು ದುಂಡಗಾಗುತ್ತವೆ, ಬ್ರಷ್‌ನಲ್ಲಿ ಬಳಿದಂಥ ಆಕಾರ ಬರುತ್ತದೆ.

ನೆರಳಿನ ಬಣ್ಣಕ್ಕೆ ಕಪ್ಪು ಬೆರೆಸಬೇಡಿ. ತಳದ ಬಣ್ಣದ ಹೊಳಪನ್ನು ಸ್ಕ್ರೀನ್ ಮೇಲೆ ಕಾಣುವ ಲೆಕ್ಕದಲ್ಲಿ 65ರಿಂದ 75 ಶೇಕಡಕ್ಕೆ ಇಳಿಸಿ, ಸ್ಯಾಚುರೇಷನ್ (ಬಣ್ಣದ ತೀವ್ರತೆ) ಸ್ವಲ್ಪ ಏರಿಸಿ, ಹ್ಯೂ (ಬಣ್ಣದ ಬಗೆ) ಅನ್ನು 10ರಿಂದ 20 ಡಿಗ್ರಿ ಸರಿಸಿ. ಚರ್ಮ ಕೆಂಪಿನ ಕಡೆಗೆ, ಬಿಳಿ ಅಂಗಿ ನೇರಳೆಯ ಕಡೆಗೆ, ಹಸಿರು ನೀಲಿಯ ಕಡೆಗೆ ಹೋದರೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಎರಡು ಬಣ್ಣ ಸಾಕು. ಮೂರನೆಯದು, ಇನ್ನೂ ಗಾಢ ನೆರಳು, ಕತ್ತಿನ ಕೆಳಗೆ, ಬಾಯಿಯ ಒಳಗೆ ಅಷ್ಟೇ. ನಾಲ್ಕನೆಯದಕ್ಕೆ ಹೋದರೆ ಮತ್ತೆ 3ಡಿಯೇ ಕಾಣಿಸುತ್ತದೆ.

ಹಂತ 4: ಗೆರೆ

ಬ್ಲೆಂಡರ್‌ನಲ್ಲಿ ಗೆರೆಗೆ ಫ್ರೀಸ್ಟೈಲ್, ಲೈನ್ ಆರ್ಟ್ ಎಂಬ ಸೌಲಭ್ಯಗಳು ಮೊದಲೇ ಇವೆ. ಎರಡೂ ಮಾಡೆಲ್‌ನ ಜ್ಯಾಮಿತಿಯಿಂದ ಗೆರೆ ಎಳೆಯುತ್ತವೆ, ಗೆರೆಯ ಗುಣವೂ ಒಳ್ಳೆಯದು. ಆದರೆ ಭಾರಿ ಸೀನ್‌ನಲ್ಲಿ ನಿಧಾನ, ಬದಲಾವಣೆ ಬೇಕೆಂದರೆ ಮತ್ತೆ ಮೊದಲಿನಿಂದ ಲೆಕ್ಕ. ಪಾಸ್‌ಗಳಿಂದ ಗೆರೆ ತೆಗೆದರೆ ದಪ್ಪ, ಬಣ್ಣ ಎಲ್ಲ ಆ ಕ್ಷಣದಲ್ಲೇ ಬದಲಿಸಬಹುದು. ಇದು ಹೊಸ ಉಪಾಯವೇನಲ್ಲ. 1990ರಲ್ಲೇ ಸೈತೊ ಮತ್ತು ತಾಕಾಹಾಶಿ ಎಂಬ ಇಬ್ಬರು ಸಂಶೋಧಕರು ದೂರದ ಮಾಹಿತಿಯಿಂದ ಗೆರೆ ತೆಗೆಯುವುದನ್ನು ತೋರಿಸಿಕೊಟ್ಟಿದ್ದರು.

ಗೆರೆಗೆ ಮೂರು ಮೂಲ. ಮೂರೂ ಬೇಕು, ಒಂದೊಂದು ಒಂದೊಂದು ಕೆಲಸ ಮಾಡುತ್ತದೆ.

ಮೊದಲನೆಯದು ಭಾಗಗಳ ಗಡಿ. ಕೂದಲಿನ ಮಾಸ್ಕ್ ಅನ್ನು 'ಡೈಲೇಟ್' ನೋಡ್‌ನಲ್ಲಿ ಒಂದು ಪಿಕ್ಸೆಲ್ ಹಿಗ್ಗಿಸಿ, ಇನ್ನೊಂದು ಪ್ರತಿಯನ್ನು ಒಂದು ಪಿಕ್ಸೆಲ್ ಕುಗ್ಗಿಸಿ, ಕಳೆಯಿರಿ. ಉಳಿಯುವುದು ಗಡಿ ಗೆರೆ. ಹೊರಗಿನ ಆಕಾರ, ಅಂಗಿಗೂ ಕೈಗೂ ನಡುವಿನ ಗೆರೆ ಎಲ್ಲ ಹೀಗೆ ಬರುತ್ತವೆ. ಮೂರರಲ್ಲಿ ಹೆಚ್ಚು ನಂಬಬಹುದಾದದ್ದು ಇದೇ.

ಎರಡನೆಯದು ದೂರ. ಎದೆಯ ಮುಂದೆ ಅದೇ ಬಣ್ಣದ ತೋಳು ಬಂದಾಗ ಎರಡೂ ಒಂದೇ ಮಾಸ್ಕ್ ಒಳಗಿರುತ್ತವೆ, ಗಡಿ ಗೆರೆ ಹುಟ್ಟುವುದಿಲ್ಲ. ಝಡ್ ಪಾಸ್‌ನಲ್ಲಿ ಅಲ್ಲಿ ದೂರ ಥಟ್ಟನೆ ಬದಲಾಗುತ್ತದೆ, ಅದನ್ನು ಹಿಡಿಯಬೇಕು. ಸುಮ್ನೆ ಸೋಬೆಲ್ ಫಿಲ್ಟರ್ (ಬೆಲೆ ಬದಲಾಗುವ ಜಾಗ ಹುಡುಕುವಂಥದ್ದು) ಹಾಕಿದರೆ ಓರೆಯಾಗಿ ಕಾಣುವ ನೆಲವೆಲ್ಲ ಗೆರೆಯಾಗಿ ಬಿಡುತ್ತದೆ, ಯಾಕೆಂದರೆ ಅಲ್ಲೂ ದೂರ ಬೇಗ ಬೇಗ ಬದಲಾಗುತ್ತಿರುತ್ತದೆ. ಇದಕ್ಕೊಂದು ಸೊಗಸಾದ ಪರಿಹಾರ ಇದೆ. ಮೊದಲು 1 ಅನ್ನು ಝಡ್‌ನಿಂದ ಭಾಗಿಸಿ, ಆಮೇಲೆ ಸೋಬೆಲ್ ಬದಲು 'ಲಾಪ್ಲಾಸ್' ಫಿಲ್ಟರ್ ಹಾಕಿ. ಸಮತಟ್ಟು ಮೇಲ್ಮೈ ಎಷ್ಟೇ ಓರೆಯಾಗಿದ್ದರೂ ಅದರ 1/ಝಡ್ ಬೆಲೆ ಸ್ಕ್ರೀನ್ ಮೇಲೆ ಒಂದೇ ವೇಗದಲ್ಲಿ ಏರುತ್ತದೆ ಅಥವಾ ಇಳಿಯುತ್ತದೆ. ಲಾಪ್ಲಾಸ್ ಹುಡುಕುವುದು ವೇಗದ ಬದಲಾವಣೆಯನ್ನು. ಹಾಗಾಗಿ ನೆಲದಲ್ಲಿ ಏನೂ ಸಿಗುವುದಿಲ್ಲ, ತೋಳಿನ ಅಂಚಿನಲ್ಲಿ ಮಾತ್ರ ಗೆರೆ ಸಿಗುತ್ತದೆ. ಖಾಲಿ ಹಿನ್ನೆಲೆಯಲ್ಲಿ ಝಡ್ ಬೆಲೆ ವಿಪರೀತ ದೊಡ್ಡದಿರುತ್ತದೆ, 1/ಝಡ್ ಮಾಡಿದಾಗ ಅದೂ ತಾನಾಗಿ ಸೊನ್ನೆಯ ಹತ್ತಿರ ಬಂದು ತೊಂದರೆ ತಪ್ಪುತ್ತದೆ.

ಝಡ್ ಪಾಸ್‌ಗೆ 'ನಾರ್ಮಲೈಸ್' ನೋಡ್ ಮಾತ್ರ ಹಾಕಬೇಡಿ. ಅದು ಪ್ರತಿ ಫ್ರೇಮ್‌ನಲ್ಲೂ ಅತಿ ಹತ್ತಿರ, ಅತಿ ದೂರದ ಬೆಲೆಗಳನ್ನು ಹೊಸದಾಗಿ ಹುಡುಕುತ್ತದೆ. ಪಾತ್ರ ಒಂದು ಹೆಜ್ಜೆ ಮುಂದೆ ಬಂದರೆ ಎಲ್ಲ ಗೆರೆಗಳ ದಪ್ಪವೂ ಬದಲಾಗಿ ಮಿನುಗು ಶುರುವಾಗುತ್ತದೆ. 'ಮ್ಯಾಪ್ ರೇಂಜ್' ಹಾಕಿ ಸಂಖ್ಯೆಗಳನ್ನು ನೀವೇ ಗಟ್ಟಿ ಮಾಡಿ.

ಮೂರನೆಯದು ನಾರ್ಮಲ್. ಬಟ್ಟೆಯ ಮಡಿಕೆ, ಬೆರಳಿನ ಗೆಣ್ಣು, ಶೂ ಅಂಚು ಇವೆಲ್ಲ ಇದರಲ್ಲಿ ಸಿಗುತ್ತವೆ. ಸೋಬೆಲ್ ಹಾಕಿ, ಮೂರು ಚಾನೆಲ್‌ಗಳಲ್ಲಿ ದೊಡ್ಡ ಬೆಲೆ ತೆಗೆದುಕೊಳ್ಳಿ, ಗೆರೆ ಎಂದು ಒಪ್ಪುವ ಮಿತಿ ಸ್ವಲ್ಪ ಎತ್ತರದಲ್ಲೇ ಇಡಿ. ಜಾಸ್ತಿ ಗೆರೆ ಬಂದರೆ ಪಾತ್ರಕ್ಕೆ ವಯಸ್ಸಾದಂತೆ ಕಾಣುತ್ತದೆ.

ಮೂರನ್ನೂ 'ಮ್ಯಾಕ್ಸಿಮಮ್' ಮೂಲಕ ಒಂದು ಮಾಡುವ ಮುಂಚೆ ದಪ್ಪ ಬೇರೆ ಬೇರೆ ಇಡಿ. 1080 ಸಾಲಿನ ಚಿತ್ರಕ್ಕೆ ಹೊರಗೆರೆ 3 ಪಿಕ್ಸೆಲ್, ಒಳಗೆರೆ ಒಂದೂವರೆ ಅಥವಾ 2. ದುಪ್ಪಟ್ಟು ಸೈಜ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಇವೂ ದುಪ್ಪಟ್ಟು.

ಎಲ್ಲಿ ಗೆರೆ ಬೇಡ ಅನ್ನುವುದನ್ನು ಸಾಫ್ಟ್‌ವೇರ್‌ಗೆ ಹೇಳಿಕೊಡಬೇಕು. ಮೂಗಿನ ಹೊಳ್ಳೆ, ಕಿವಿಯ ಒಳಭಾಗ, ಹಲ್ಲುಗಳ ಸಂದು, ಈ ಜಾಗಗಳಲ್ಲಿ ಗೆರೆ ಗಿಜಿಗಿಜಿ ಎನ್ನುತ್ತದೆ. ಮಾಡೆಲ್ ಮೇಲೆ ವರ್ಟೆಕ್ಸ್ ಪೇಂಟ್‌ನಲ್ಲಿ ಅವನ್ನು ಕೆಂಪು ಬಳಿದು, ಆ ಬಣ್ಣವನ್ನು ಶೇಡರ್‌ನ (ಮೇಲ್ಮೈ ಹೇಗೆ ಕಾಣಬೇಕು ಎಂಬ ಸೆಟ್ಟಿಂಗ್‌ನ) 'ಎಒವಿ ಔಟ್‌ಪುಟ್' ಮೂಲಕ ಇನ್ನೊಂದು ಪಾಸ್ ಆಗಿ ತೆಗೆಯಿರಿ. ಕಾಂಪೋಸಿಟಿಂಗ್‌ನಲ್ಲಿ ಕೆಂಪು ಇದ್ದಲ್ಲಿ ಗೆರೆ ಅಳಿಸಿ. ಹಸಿರು ಬಳಿದಲ್ಲಿ ಮಿತಿಯನ್ನು ಇಳಿಸಿ, ಅಲ್ಲಿ ಮಸುಕಾದ ಗೆರೆಯೂ ಎದ್ದು ಬರುತ್ತದೆ. ಒಂದು ಸಲ ಬಳಿದರೆ ಎಲ್ಲ ಶಾಟ್‌ಗೂ ಉಪಯೋಗ. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ಲಾಭ ಕೊಡುವ ಹಂತ ಬೇರೆ ಇಲ್ಲ.

ಗೆರೆಯ ಬಣ್ಣ ಕಪ್ಪೇ ಆಗಬೇಕಿಲ್ಲ. ನೆರಳಿನ ಬಣ್ಣವನ್ನೇ ಇನ್ನಷ್ಟು ಗಾಢ ಮಾಡಿ ಬಳಸಿ: ಚರ್ಮಕ್ಕೆ ಕಂದುಗೆಂಪು, ಹಳದಿ ಬಟ್ಟೆಗೆ ಕಂದು. ಹೊರಗೆರೆ ಗಾಢ, ಒಳಗೆರೆ ಬಣ್ಣದ್ದು ಎಂಬ ಜೋಡಿ ಹೆಚ್ಚಾಗಿ ಕೈಕೊಡುವುದಿಲ್ಲ. ಇನ್ನೊಂದು ಚಿಕ್ಕ ಉಪಾಯ: ಹಂತ 3ರಲ್ಲಿ ಮಾಡಿದ ಬೆಳಕಿನ ಮಾಸ್ಕ್ ಇದೆಯಲ್ಲ, ಅದಿರುವ ಕಡೆ ತೆಳು ಗೆರೆ, ಇಲ್ಲದ ಕಡೆ ದಪ್ಪ ಗೆರೆ ಬರುವಂತೆ ಎರಡನ್ನು ಬೆರೆಸಿ. ಕೈಯಲ್ಲಿ ಒತ್ತಿ ಬರೆದ ಗೆರೆಯ ಏರಿಳಿತ ಬರುತ್ತದೆ.

ಗೆರೆ ತೀರಾ ಯಂತ್ರದಂತೆ ಇದೆ ಅನಿಸಿದರೆ ಗೆರೆಯ ಪದರವನ್ನು ಮಾತ್ರ ನಾಯ್ಸ್ (ಅಡ್ಡಾದಿಡ್ಡಿ ಬೆಲೆಗಳ ಮಾದರಿ) ಮೂಲಕ ಒಂದು ಪಿಕ್ಸೆಲ್‌ನಷ್ಟು ಅಲುಗಿಸಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ 'ಟರ್ಬುಲೆಂಟ್ ಡಿಸ್‌ಪ್ಲೇಸ್' ಇದನ್ನು ಮಾಡುತ್ತದೆ. ನಾಯ್ಸ್ ಎರಡು ಅಥವಾ ಮೂರು ಫ್ರೇಮ್‌ಗೊಮ್ಮೆ ಬದಲಾಗಲಿ. ಪ್ರತಿ ಫ್ರೇಮ್‌ಗೂ ಬದಲಾದರೆ ಕಣ್ಣು ನೋಯುತ್ತದೆ.

ಹಂತ 5: ಹುಬ್ಬು, ಕಣ್ಣು, ಅಂಚಿನ ಬೆಳಕು

ಕೈಯಲ್ಲಿ ಬರೆದ ಅನಿಮೇಷನ್‌ನಲ್ಲಿ ಹಲವು ಸಲ ಹುಬ್ಬು, ಕಣ್ಣು ಕೂದಲಿನ ಮೂಲಕವೂ ಕಾಣುತ್ತವೆ. ಮುಖದ ಭಾವ ಮುಚ್ಚಿಹೋಗಬಾರದು ಅಂತ. ಕ್ರಿಪ್ಟೋಮ್ಯಾಟ್‌ನಿಂದ ಇದು ಸಾಧ್ಯವಿಲ್ಲ, ಕೂದಲಿನ ಹಿಂದಿರುವುದನ್ನು ಅದು ನೋಡಿರುವುದೇ ಇಲ್ಲ. ಹಾಗಾಗಿ ಕೂದಲನ್ನು ತೆಗೆದ ಇನ್ನೊಂದು ವ್ಯೂ ಲೇಯರ್ (ಸೀನ್‌ನ ಆಯ್ದ ವಸ್ತುಗಳ ಪದರ) ರೆಂಡರ್ ಮಾಡಿ. ಅದರಿಂದ ಹುಬ್ಬು ಮತ್ತು ಕಣ್ಣಿನ ಗೆರೆಯನ್ನು ಮಾತ್ರ ಕತ್ತರಿಸಿ, ಕೂದಲಿನ ಮೇಲೆ ಅರ್ಧ ಪಾರದರ್ಶಕವಾಗಿ ಇಡಿ. ಪಾತ್ರ ಆಚೆ ತಿರುಗಿ ನಿಂತ ಶಾಟ್‌ನಲ್ಲಿ ಇದನ್ನು ಆಫ್ ಮಾಡಲು ಮರೆಯಬೇಡಿ, ತಲೆಯ ಹಿಂಭಾಗದಲ್ಲಿ ಹುಬ್ಬು ಮೂಡಿದರೆ ಚೆನ್ನಾಗಿರಲ್ಲ ಅಲ್ವಾ.

ಕಣ್ಣಿನ ಹೊಳಪಿನ ಚುಕ್ಕಿಯನ್ನು ರೆಂಡರ್‌ನಿಂದ ತೆಗೆದುಕೊಳ್ಳಬೇಡಿ. ಬಿಳಿ ಚುಕ್ಕಿಯೊಂದನ್ನು ಮಾಡೆಲ್‌ಗೆ ಅಂಟಿಸಿ, ಅದೂ ಬೇರೆ ಲೇಯರ್.

ಅಂಚಿನ ಬೆಳಕಿಗೆ ಪಾತ್ರದ ಪೂರ್ತಿ ಮಾಸ್ಕ್ ತೆಗೆದುಕೊಂಡು, ಅದರ ಪ್ರತಿಯೊಂದನ್ನು ಬೆಳಕಿನ ಎದುರು ದಿಕ್ಕಿಗೆ ಐದಾರು ಪಿಕ್ಸೆಲ್ ಸರಿಸಿ, ಮೂಲದಿಂದ ಕಳೆಯಿರಿ. ಬೆಳಕಿನ ಕಡೆ ತೆಳುವಾದ ಪಟ್ಟಿ ಉಳಿಯುತ್ತದೆ. ಅದನ್ನು ಗೆರೆಯ ಕೆಳಗೆ ಇಡಿ.

ಹಂತ 6: ಚಲನೆಯ ಲಯ

ಎಲ್ಲ ಸರಿಯಾಗಿ ಮಾಡಿಯೂ ಏನೋ ಜಾರಿದಂತೆ ಕಾಣುತ್ತಿದ್ದರೆ ತಪ್ಪು ಬಣ್ಣದಲ್ಲಿ ಇಲ್ಲ, ಫ್ರೇಮ್‌ಗಳಲ್ಲಿದೆ. ಕೈಯಲ್ಲಿ ಬರೆದ ಅನಿಮೇಷನ್‌ನಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್ ಇದ್ದರೂ ಹೆಚ್ಚಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿಯುತ್ತಾರೆ, ಅಂದರೆ 12 ಚಿತ್ರ. ಆಫ್ಟರ್ ಎಫೆಕ್ಟ್ಸ್‌ನಲ್ಲಿ 'ಪೋಸ್ಟರೈಸ್ ಟೈಮ್' ಹಾಕಿ 12 ಎಂದು ಕೊಟ್ಟರೆ ಆಯಿತು. ಕ್ಯಾಮೆರಾ ಅಲುಗಾಡದ ಶಾಟ್ ಆದರೆ ರೆಂಡರ್‌ನಲ್ಲೇ 'ಸ್ಟೆಪ್' 2 ಇಡಿ, ಅರ್ಧ ಸಮಯ ಉಳಿಯುತ್ತದೆ. ನೆರಳಿನ ಅಂಚು ಮೈಮೇಲೆ ನುಣ್ಣಗೆ ಜಾರುವುದು 3ಡಿಯ ದೊಡ್ಡ ಗುರುತು. ಎರಡು ಫ್ರೇಮ್ ಹಿಡಿದಾಗ ಅದೂ ಅರ್ಧಕ್ಕರ್ಧ ಮರೆಯಾಗುತ್ತದೆ.

ಕ್ಯಾಮೆರಾ ಚಲಿಸುತ್ತಿದ್ದರೆ ಹುಷಾರು. ಹಿನ್ನೆಲೆ ಪ್ರತಿ ಫ್ರೇಮ್‌ಗೂ ಸರಿಯುತ್ತದೆ, ಪಾತ್ರ ಎರಡು ಫ್ರೇಮ್‌ಗೊಮ್ಮೆ. ಕಾಲು ನೆಲದ ಮೇಲೆ ನಿಲ್ಲದೆ ಹಿಂದೆ ಮುಂದೆ ನಡುಗುತ್ತದೆ. ಅಂಥ ಶಾಟ್‌ನಲ್ಲಿ ಈ ಕೆಲಸವನ್ನು ಪೋಸ್ಟ್‌ನಲ್ಲಿ, ಅಂದರೆ ರೆಂಡರ್ ಆದ ಮೇಲೆ, ಮಾಡಲೇಬೇಡಿ. 3ಡಿ ಫೈಲ್‌ಗೆ ವಾಪಸ್ ಹೋಗಿ, ಪಾತ್ರದ ಭಂಗಿಗಳನ್ನು ಮಾತ್ರ ಎರಡೆರಡು ಫ್ರೇಮ್ ಹಿಡಿಸಿ, ಕ್ಯಾಮೆರಾವನ್ನೂ ಪಾತ್ರ ಮುಂದೆ ಸಾಗುವ ಚಲನೆಯನ್ನೂ ಪ್ರತಿ ಫ್ರೇಮ್‌ಗೆ ಬಿಡಿ. ಜೋರಾಗಿ ಓಡುವ, ಹೊಡೆಯುವ ಜಾಗದಲ್ಲೂ ಪ್ರತಿ ಫ್ರೇಮ್ ಇಟ್ಟುಕೊಂಡರೆ ಒಳ್ಳೆಯದು.

ಹಂತ 7: ಮೇಲುಪದರ

ಹಳೆಯ ಮುದ್ರಣದಂಥ ಚುಕ್ಕಿಗಳು, ಪೆನ್ಸಿಲ್ ಗೀಚು, ಕಾಗದದ ತರಿ, ಇವೆಲ್ಲ ಇಷ್ಟವಾದರೆ ಮಾತ್ರ. ಒಂದು ಅಪಾಯ ಗೊತ್ತಿರಲಿ. ಚುಕ್ಕಿಗಳನ್ನು ಸ್ಕ್ರೀನ್‌ಗೆ ಅಂಟಿಸಿದರೆ ಪಾತ್ರ ಅವುಗಳ ಹಿಂದೆ ಜಾರುತ್ತಿರುವಂತೆ, ಬಾತ್‌ರೂಮಿನ ಗಾಜಿನ ಬಾಗಿಲಿನ ಹಿಂದೆ ಯಾರೋ ಓಡಾಡಿದಂತೆ ಕಾಣುತ್ತದೆ. ಈ ಕ್ಷೇತ್ರದವರು ಇದನ್ನು 'ಶವರ್ ಡೋರ್' ದೋಷ ಎಂದೇ ಕರೆಯುತ್ತಾರೆ. ಯುವಿ ಪಾಸ್ ಮತ್ತು 'ಮ್ಯಾಪ್ ಯುವಿ' ನೋಡ್ ಬಳಸಿ ಮೇಲ್ಮೈಗೇ ಅಂಟಿಸಿದರೆ ಜಾರುವುದಿಲ್ಲ, ಆದರೆ ಪಾತ್ರ ದೂರ ಹೋದಾಗ ಚುಕ್ಕಿಗಳು ಚಿಕ್ಕದಾಗಿ ಬೂದು ಬಣ್ಣವಾಗಿ ಬಿಡುತ್ತವೆ. ನಡುವಿನ ದಾರಿ: ಮಾದರಿಯನ್ನು ಸ್ಕ್ರೀನ್ ಸೈಜ್‌ನಲ್ಲೇ ಇಟ್ಟು, ಪಾತ್ರದ ಎದೆಯ ಮೇಲಿನ ಒಂದು ಬಿಂದುವನ್ನು ಟ್ರ್ಯಾಕ್ ಮಾಡಿ ಅದರ ಜೊತೆ ಸರಿಸುವುದು. ಚುಕ್ಕಿ ಮಾದರಿ ನೆರಳಿನ ಭಾಗದಲ್ಲಿ ಮಾತ್ರ ಇರಲಿ, 45 ಡಿಗ್ರಿ ಓರೆಯಾಗಿ. ನೆಟ್ಟಗಿಟ್ಟರೆ ಸಾಲುಗಳು ಕಣ್ಣಿಗೆ ಹೊಡೆಯುತ್ತವೆ.

ಹಿನ್ನೆಲೆಗೆ ಬಣ್ಣ ಬಳಿದಂಥ ರೂಪ ಬೇಕಿದ್ದರೆ ಬ್ಲೆಂಡರ್ 4.0ರಲ್ಲಿ ಬಂದ 'ಕುವಹಾರಾ' ನೋಡ್ ಇದೆ. ಅಂಚು ಉಳಿಸಿಕೊಂಡು ಒಳಗಿನ ವಿವರವನ್ನು ಬ್ರಷ್ ಏಟುಗಳಂತೆ ಸೇರಿಸುತ್ತದೆ. ಪಾತ್ರಕ್ಕೆ ಹಾಕಬೇಡಿ, ಗೆರೆ ಕೆಡುತ್ತದೆ. ಹಿನ್ನೆಲೆ ಮೆತ್ತಗೆ, ಪಾತ್ರ ಚೂಪು, ಈ ವ್ಯತ್ಯಾಸವೇ ಕಣ್ಣನ್ನು ಪಾತ್ರದ ಕಡೆ ಎಳೆಯುತ್ತದೆ.

ಪದರಗಳ ಕ್ರಮ ಕೆಳಗಿನಿಂದ ಮೇಲಕ್ಕೆ: ಹಿನ್ನೆಲೆ, ಮಟ್ಟಸ ಬಣ್ಣ, ನೆರಳು, ಚುಕ್ಕಿ, ಅಂಚಿನ ಬೆಳಕು, ಗೆರೆ, ಹುಬ್ಬು ಮತ್ತು ಕಣ್ಣು, ಹೊಳಪಿನ ಚುಕ್ಕಿ. ಎಲ್ಲದರ ಮೇಲೆ ಸ್ವಲ್ಪ ಗ್ಲೋ (ಬೆಳಕಿನ ಸುತ್ತ ಹೊಳಪು), ತುಸು ಗ್ರೇನ್ (ಸಣ್ಣ ತರಿ).

ಹಂತ 8: ಹೊರಗೆ ತೆಗೆಯುವುದು

ಮೊದಲು ಪೂರ್ತಿ ವೇಗದಲ್ಲಿ ಪ್ಲೇ ಮಾಡಿ ನೋಡಿ. ನಿಲ್ಲಿಸಿದ ಫ್ರೇಮ್‌ನಲ್ಲಿ ಮಿನುಗು ಕಾಣುವುದಿಲ್ಲ. ಆಮೇಲೆ ಮೊಬೈಲ್ ಸೈಜ್‌ಗೆ ಇಳಿಸಿ ನೋಡಿ. ಒಳಗೆರೆಗಳು ಅಲ್ಲಿ ಕಾಣದಿದ್ದರೆ ಅರ್ಧ ಪಿಕ್ಸೆಲ್ ಏರಿಸಿ.

ಆಕಾಶದಂಥ ನುಣುಪು ಬಣ್ಣದಲ್ಲಿ ಪಟ್ಟೆ ಪಟ್ಟೆ ಬಂದರೆ 10 ಬಿಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ. 8 ಬಿಟ್ಟೇ ಗತಿ ಎಂದಾದರೆ ಗ್ರೇನ್ ತುಸು ಜಾಸ್ತಿ ಮಾಡಿ, ಪಟ್ಟೆ ಒಡೆಯುತ್ತದೆ. ಇನ್ನು ಬಣ್ಣದ ಗೆರೆ ಇಟ್ಟುಕೊಂಡವರಿಗೆ ಒಂದು ವಿಷಯ. ವೆಬ್‌ಗೆ ಹೋಗುವ ಹೆಚ್ಚಿನ ವಿಡಿಯೋಗಳು 4:2:0 ಎಂಬ ಬಗೆಯವು. ಹೊಳಪು ಪೂರ್ತಿ ಇರುತ್ತದೆ, ಬಣ್ಣದ ಮಾಹಿತಿ ಉದ್ದಕ್ಕೂ ಅಗಲಕ್ಕೂ ಅರ್ಧಕ್ಕಿಳಿಯುತ್ತದೆ. ಕೆಂಪು ಬಟ್ಟೆಯ ಮೇಲೆ ಅಷ್ಟೇ ಹೊಳಪಿನ ನೀಲಿ ಗೆರೆ ಇದ್ದರೆ ಅದು ಕಲಸಿಹೋಗುತ್ತದೆ. ಹಾಗಾಗಿ ಎಕ್ಸ್‌ಪೋರ್ಟ್‌ಗೆ ಮುಂಚೆ ಒಮ್ಮೆ ಸ್ಯಾಚುರೇಷನ್ ಪೂರ್ತಿ ಸೊನ್ನೆ ಮಾಡಿ, ಕಪ್ಪು ಬಿಳುಪಿನಲ್ಲಿ ನೋಡಿ. ಅಲ್ಲೂ ಗೆರೆ ಎದ್ದು ಕಾಣುತ್ತಿದ್ದರೆ ಕಳಿಸಿ. ಇಲ್ಲದಿದ್ದರೆ ಗೆರೆಯ ಬಣ್ಣವನ್ನು ಇನ್ನೂ ಒಂದಿಷ್ಟು ಗಾಢ ಮಾಡಿ.